ಪ್ರಶ್ನೆ ಕೇಳಿ ಕಲಿಸುವುದು: ನಾನು ಮಾಡುವ ಕ್ರಮ

ದಶಮಾಂಶ ಸಂಖ್ಯೆಗಳ ಪಾಠವನ್ನು ನಾನು ವಿವರಣೆಯಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ 0.35 ಮತ್ತು 0.4 ಬರೆದು, ಯಾವುದು ದೊಡ್ಡದು, ಯಾಕೆ ಎಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ ಎನ್ನುತ್ತೇನೆ. 0.35 ಎಂದವರು ಸಾಮಾನ್ಯವಾಗಿ 35ನ್ನೂ 4ನ್ನೂ ಹೋಲಿಸಿರುತ್ತಾರೆ. ಆದರೆ 0.4 ಎಂದವರೆಲ್ಲ ತಿಳಿದೇ ಬರೆದಿದ್ದಾರೆ ಎನ್ನಲಾಗದು. ಹತ್ತರಲ್ಲೊಂದು ಭಾಗ ನೂರರಲ್ಲೊಂದು ಭಾಗಕ್ಕಿಂತ ದೊಡ್ಡದು ಎಂಬ ಸರಿಯಾದ ಮಾತನ್ನೇ ಅತಿಯಾಗಿ ಎಳೆದು, ಬಿಂದುವಿನ ಮುಂದೆ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡ ಮಕ್ಕಳೂ ಅವರಲ್ಲಿರುತ್ತಾರೆ. ಅವರ ಉತ್ತರ ಸರಿ, ದಾರಿ ತಪ್ಪು. ಅದಕ್ಕೇ ಬೆನ್ನಿಗೇ 0.6 ಮತ್ತು 0.75ರ ಜೋಡಿ ಕೊಡುತ್ತೇನೆ. ಈಗ ಅವರು 0.6 ದೊಡ್ಡದು ಎಂದು ಬರೆಯುತ್ತಾರೆ, ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ. ಅರ್ಧ ಗಂಟೆ ಉಪನ್ಯಾಸ ಮಾಡಿ ‘ಅರ್ಥವಾಯಿತಾ?’ ಎಂದರೆ ಇಡೀ ತರಗತಿ ಒಟ್ಟಿಗೆ ‘ಹೌದು’ ಎನ್ನುತ್ತದೆ, ಈ ಎರಡು ಬಗೆಯ ತಪ್ಪೂ ಅದರೊಳಗೇ ಅಡಗಿ ಕೂರುತ್ತವೆ.

ಹಾಗಾಗಿ ಹೆಚ್ಚಿನ ಕೆಲಸ ತರಗತಿಗೆ ಹೋಗುವ ಮೊದಲೇ ಆಗಬೇಕು. ಪ್ರತಿ ಪ್ರಶ್ನೆಯ ಕೆಳಗೆ ಬರಬಹುದಾದ ತಪ್ಪು ಉತ್ತರಗಳನ್ನು, ಅವುಗಳ ಪಕ್ಕದಲ್ಲಿ ಮುಂದಿನ ಪ್ರಶ್ನೆಯನ್ನು ಬರೆದುಕೊಳ್ಳುತ್ತೇನೆ. 35 ಎಂದು ಓದುವವರಿಗೆ: ಸಂಖ್ಯಾರೇಖೆಯಲ್ಲಿ 0ಯಿಂದ 1ರವರೆಗೆ ಹತ್ತು ಸಮಭಾಗ ಮಾಡು, 0.35 ಯಾವ ಎರಡು ಗೆರೆಗಳ ನಡುವೆ ಬೀಳುತ್ತದೆ? ಇನ್ನೊಂದು ಗುಂಪಿಗೆ: 0.75ರಲ್ಲಿ ಹತ್ತರಲ್ಲೊಂದು ಭಾಗಗಳು ಪೂರ್ತಿಯಾಗಿ ಎಷ್ಟಿವೆ? ‘ಸೊನ್ನೆ ಸೇರಿಸಿ 0.40 ಮಾಡಿಕೊಳ್ಳಿ’ ಎಂಬ ಸುಲಭದ ದಾರಿ ಮೊದಲಿಗೇ ಬೇಡ. ಮಗು 35 ಮತ್ತು 40ನ್ನು ಹೋಲಿಸಿ ಸರಿ ಉತ್ತರ ಕೊಡುತ್ತದೆ, ಸ್ಥಾನಬೆಲೆ ತಿಳಿಯದೇ ಉಳಿಯುತ್ತದೆ.

ಕೇಳಿದ ಮೇಲೆ ಕಾಯಬೇಕು. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದಂತೆ, ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವವರೂ ಬಾಯಿ ಬಿಡುತ್ತಾರೆ. ಉತ್ತರ ಬಂದ ಮೇಲೂ ಅಷ್ಟೇ ಕಾಯಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಮಾತು ಮುಗಿಸಿದೆ ಎನಿಸಿದ ಮಗು ಆ ಬಿಡುವಿನಲ್ಲೇ ‘ಅಲ್ಲ, ಯಾಕೆಂದರೆ...’ ಎಂದು ಮುಂದುವರಿಸುತ್ತದೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಹೆಸರು ಮೊದಲು ಹೇಳಿದರೆ ಉಳಿದವರೆಲ್ಲ ಯೋಚಿಸುವುದನ್ನು ಅಲ್ಲೇ ನಿಲ್ಲಿಸುತ್ತಾರೆ.

‘ಯಾಕೆ?’ ಎಂದು ಸರಿ ಉತ್ತರಕ್ಕೂ ಕೇಳುತ್ತೇನೆ. ತಪ್ಪಿಗೆ ಮಾತ್ರ ಕೇಳಿದರೆ, ಆ ಪದ ಕಿವಿಗೆ ಬಿದ್ದ ಕೂಡಲೇ ಮಕ್ಕಳು ಉತ್ತರ ಬದಲಿಸಲು ಶುರು ಮಾಡುತ್ತಾರೆ.

ಯಾವಾಗ ಚರ್ಚೆಗೆ ಬಿಡಬೇಕು? ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ರೂಢಿಸಿದ ಅಳತೆ ನನಗೆ ಚೆನ್ನಾಗಿ ಒದಗಿದೆ. ಮೊದಲ ಸಲ ಸುಮಾರು 30ರಿಂದ 70 ಶೇಕಡಾ ಮಂದಿ ಸರಿ ಉತ್ತರಿಸಿದ್ದರೆ ಪಕ್ಕದವರೊಂದಿಗೆ ವಾದಿಸಲು ಬಿಡಬಹುದು. ಅದಕ್ಕಿಂತ ಕಡಿಮೆಯಿದ್ದರೆ ತಿಳಿಯದವರು ತಿಳಿಯದವರಿಗೇ ಹೇಳಿಕೊಟ್ಟಂತಾಗುತ್ತದೆ. ಆಗ ಪ್ರಶ್ನೆ ನಿಲ್ಲಿಸಿ ನಾನೇ ವಿವರಿಸುತ್ತೇನೆ. ಆ ಹೊತ್ತಿಗೆ ಮಕ್ಕಳಿಗೂ ಉತ್ತರ ಬೇಕಾಗಿರುತ್ತದೆ, ಹತ್ತು ನಿಮಿಷದ ಉಪನ್ಯಾಸ ನೆಟ್ಟಗೆ ತಲೆಗೆ ಹೋಗುತ್ತದೆ. 40 ನಿಮಿಷದ ಪೀರಿಯಡ್‌ನಲ್ಲಿ ಇಂಥ ಎರಡು ಪ್ರಶ್ನೆಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ.

ಯೋಚಿಸಿ ಕಂಡುಕೊಳ್ಳಲಾಗದ್ದನ್ನು ಪ್ರಶ್ನೆ ಮಾಡಬಾರದು. ಹೆಸರು, ಚಿಹ್ನೆ, ಒಪ್ಪಂದಗಳು ಆ ಜಾತಿಯವು. ‘ಭಿನ್ನರಾಶಿಯ ಕೆಳಗಿನ ಸಂಖ್ಯೆಗೆ ಏನೆನ್ನುತ್ತಾರೆ?’ ಎಂದು ಗೊತ್ತಿಲ್ಲದವರನ್ನು ಕೇಳಿದರೆ ಶಿಕ್ಷಕರ ಮನಸ್ಸಿನಲ್ಲಿರುವುದನ್ನು ಊಹಿಸುವ ಆಟವಾಗುತ್ತದೆ. ‘ಛೇದ’ ಎಂದು ಹೇಳಿಬಿಟ್ಟರೆ ಮುಗಿಯಿತು. ಸುರಕ್ಷತೆಯ ಮಾತೂ ಹಾಗೆಯೇ. ಪ್ರಯೋಗಾಲಯದಲ್ಲಿ ಸಾರೀಕೃತ (ಗಾಢ) ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು, ಆಮ್ಲಕ್ಕೆ ನೀರು ಹಾಕಬಾರದು ಎಂಬುದನ್ನು ಬಾಟಲಿ ಮುಟ್ಟುವ ಮೊದಲೇ ನೇರವಾಗಿ ಹೇಳುತ್ತೇನೆ. ಬೆರೆಸಿದಾಗ ಹುಟ್ಟಿದ ಶಾಖ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಪ್ರಯೋಗ ಮುಗಿದ ಮೇಲೆ ಕೇಳುತ್ತೇನೆ.