ಹಳ್ಳಿಯ ಒಂದು ಟಿಸಿಯ ಲೋಡ್ ಅಧ್ಯಯನ ಮಾಡುವ ಬಗೆ

ಸ್ಮಾರ್ಟ್ ಗ್ರಿಡ್ ಮತ್ತು ವಿದ್ಯುತ್ ನಿರ್ವಹಣೆಯ ಸಂಶೋಧನೆಗೆ ತೊಡಗುವ ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಂಪ್ಯೂಟರಿನ ಮಾದರಿಯಿಂದಲೇ ಕೆಲಸ ಆರಂಭಿಸುತ್ತಾರೆ. ಅದಕ್ಕೂ ಮೊದಲು ಯಾವುದಾದರೊಂದು ಹಳ್ಳಿಯ ಒಂದೇ ಒಂದು ಟಿಸಿಯನ್ನು (ಮನೆ, ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಹಂಚುವ ಟ್ರಾನ್ಸ್‌ಫಾರ್ಮರನ್ನು) ಆರಿಸಿಕೊಂಡು, ಅದರ ಮೇಲೆ ಬೀಳುವ ಲೋಡನ್ನು ಸರಿಯಾಗಿ ಅಳೆದು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಟಿಸಿಯನ್ನು ಆರಿಸುವಾಗ ಬೆಳೆಯನ್ನು ಗಮನಿಸಿ. ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಮೋಟಾರುಗಳು ಬೇಸಿಗೆಯುದ್ದಕ್ಕೂ ಓಡುತ್ತವೆ. ಸಕಲೇಶಪುರ, ಮೂಡಿಗೆರೆಯ ರೊಬಸ್ಟಾ ಕಾಫಿ ತೋಟಗಳಲ್ಲಾದರೋ ಫೆಬ್ರವರಿ–ಮಾರ್ಚ್‌ನಲ್ಲಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಎಲ್ಲರೂ ಕೆಲವೇ ದಿನಗಳ ಅಂತರದಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಅಲ್ಲಿ ವರ್ಷದ ಸರಾಸರಿ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಮೊದಲ ಅಧ್ಯಯನಕ್ಕೆ ಪಂಪ್‌ಸೆಟ್ಟುಗಳೇ ಹೆಚ್ಚಾಗಿರುವ 63 ಕೆವಿಎ ಸಾಮರ್ಥ್ಯದ ಟಿಸಿ ಸೂಕ್ತ.

ಹಾಸನ ಜಿಲ್ಲೆಯಲ್ಲಿ ವಿದ್ಯುತ್ ಪೂರೈಸುವ ಸೆಸ್ಕ್‌ನಿಂದಲೂ ಚಿಕ್ಕಮಗಳೂರಿನಲ್ಲಿ ಮೆಸ್ಕಾಂನಿಂದಲೂ ಲಿಖಿತ ಅನುಮತಿ ಪಡೆಯಿರಿ. ಲೈನ್ ಕ್ಲಿಯರ್ (ಲೈನಿನ ವಿದ್ಯುತ್ ಕಡಿತಗೊಳಿಸಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡ ಮೇಲೆ ಉಪಕರಣವನ್ನು ಲೈನ್‌ಮನ್ ಅವರೇ ಅಳವಡಿಸಬೇಕು. ನೀವು ಕಂಬ ಹತ್ತಬಾರದು. ವಿದ್ಯುತ್ ಹರಿಯುತ್ತಿರುವಾಗ, ಕರೆಂಟ್ ಅಳೆಯಲು ಲೈನಿಗೆ ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರಿನ ಮೀಟರಿಗೆ ಹೋಗುವ ಸೆಕೆಂಡರಿ ತುದಿಗಳನ್ನು ತೆರೆದಿಟ್ಟರೆ ಅಲ್ಲಿ ಪ್ರಾಣಾಪಾಯ ತರುವಷ್ಟು ವೋಲ್ಟೇಜ್ ಹುಟ್ಟಬಹುದು.

ಮೂರೂ ಫೇಸಿನ ಕರೆಂಟ್, ವೋಲ್ಟೇಜ್ ಮತ್ತು ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲನ್ನು ಸೂಚಿಸುವ ಪವರ್ ಫ್ಯಾಕ್ಟರ್‌ಗಳನ್ನು 15 ನಿಮಿಷಕ್ಕೊಮ್ಮೆ ದಾಖಲಿಸಿ. ನಮ್ಮ ದೇಶದ ಗ್ರಿಡ್ ದಿನವನ್ನು 15 ನಿಮಿಷಗಳ 96 ಬ್ಲಾಕುಗಳಾಗಿ ವಿಂಗಡಿಸುವುದರಿಂದ ಈ ಲೆಕ್ಕ ಮುಂದೆ ಉಪಯೋಗಕ್ಕೆ ಬರುತ್ತದೆ. ಆದರೆ ಹಳ್ಳಿಯ ಟಿಸಿಗೆ ನಿಜವಾದ ಪೆಟ್ಟು ಬೀಳುವ ಕ್ಷಣ 15 ನಿಮಿಷದ ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ. ಆದ್ದರಿಂದ ಕೆಲವು ದಿನಗಳ ಮಟ್ಟಿಗಾದರೂ ಸೆಕೆಂಡಿಗೊಮ್ಮೆ ದಾಖಲಿಸುವುದು ಅಗತ್ಯ.

ಆ ಕ್ಷಣ ಯಾವುದೆಂದರೆ ತ್ರೀ ಫೇಸ್ ಕರೆಂಟ್ ಬರುವ ಗಳಿಗೆ. ಕರೆಂಟ್ ಯಾವಾಗ ಬಂದರೂ ನೀರು ಹರಿಯಲಿ ಎಂದು ರೈತರು ಸ್ಟಾರ್ಟರ್ ಪೆಟ್ಟಿಗೆಗೆ ಆಟೋ ಸ್ಟಾರ್ಟರ್ ಕೂರಿಸಿರುತ್ತಾರೆ. ರಾತ್ರಿ ತೋಟಕ್ಕೆ ಹೋಗುವ ಕಷ್ಟವನ್ನು ಬಲ್ಲವರು ಇದನ್ನು ತಪ್ಪೆನ್ನಲಾರರು. ಒಂದು ಟಿಸಿಯಲ್ಲಿ 7.5 ಎಚ್‌ಪಿಯ ಆರು ಮೋಟಾರುಗಳಿವೆ ಎಂದುಕೊಳ್ಳಿ. ಒಂದೊಂದೂ ಓಡುವಾಗ ಸುಮಾರು 11 ಆಂಪಿಯರ್ ಎಳೆದರೆ ಒಟ್ಟು 66 ಆಗುತ್ತದೆ. 63 ಕೆವಿಎ ಟಿಸಿ ಸುಮಾರು 84 ಆಂಪಿಯರ್ ತಡೆಯುವುದರಿಂದ ಇದರಲ್ಲಿ ತೊಂದರೆಯಿಲ್ಲ. ಆದರೆ ನೇರವಾಗಿ ಸ್ಟಾರ್ಟ್ ಆಗುವ ಮೋಟಾರು ಆರಂಭದಲ್ಲಿ ಅದರ ಆರು ಪಟ್ಟು ಕರೆಂಟ್ ಬೇಡುವುದರಿಂದ, ಆರೂ ಒಟ್ಟಿಗೆ ಎದ್ದಾಗ ಬೇಡಿಕೆ 400 ಆಂಪಿಯರ್ ಸಮೀಪಿಸಿ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಶೇ. 80ಕ್ಕೆ ಇಳಿದರೆ ಮೋಟಾರಿನ ಟಾರ್ಕ್ (ತಿರುಗಿಸುವ ಬಲ) ಶೇ. 64ಕ್ಕೆ ಇಳಿಯುತ್ತದೆ, ವೇಗ ಹಿಡಿಯಲಾರದ ಮೋಟಾರು ಹೆಚ್ಚಿನ ಕರೆಂಟನ್ನೇ ಎಳೆಯುತ್ತಾ ಬಿಸಿಯಾಗಿ, ಕೊನೆಗೆ ವೈಂಡಿಂಗ್ ಸುಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಅಗ್ಗವಾದದ್ದು. ಪ್ರತಿ ಆಟೋ ಸ್ಟಾರ್ಟರಿಗೂ ಬೇರೆ ಬೇರೆ ಅವಧಿಯ ಟೈಮರ್ ಕೊಟ್ಟು, ಅರ್ಧ ನಿಮಿಷದ ಅಂತರದಲ್ಲಿ ಒಂದೊಂದೇ ಮೋಟಾರು ಏಳುವಂತೆ ಮಾಡಿ. ಆಗ ಅತಿ ಹೆಚ್ಚಿನ ಬೇಡಿಕೆ, ಐದು ಮೋಟಾರು ಓಡುತ್ತಿರುವಾಗ ಆರನೆಯದು ಏಳುವ ಕೆಲವು ಸೆಕೆಂಡುಗಳಲ್ಲಿ, ಸುಮಾರು 120 ಆಂಪಿಯರ್ ಮಾತ್ರ ಇರುತ್ತದೆ. ಲೈನಿನ ಕಟ್ಟಕಡೆಯ ರೈತರಿಗೆ ವೋಲ್ಟೇಜ್ ಯಾವಾಗಲೂ ಕಡಿಮೆ ಸಿಗುವುದರಿಂದ ಅವರ ಮೋಟಾರು ಮೊದಲು ಏಳುವಂತೆ ಕ್ರಮ ಹಾಕುವುದು ನ್ಯಾಯ. ಈ ಕ್ರಮವನ್ನು ರೈತರೆಲ್ಲರನ್ನೂ ಕೂರಿಸಿಕೊಂಡೇ ತೀರ್ಮಾನಿಸಿ. ಅವರಿಗೆ ಒಪ್ಪಿಗೆಯಾಗದ ಟೈಮರನ್ನು ಯಾರಾದರೂ ಒಂದು ದಿನ ಕಿತ್ತುಹಾಕುತ್ತಾರೆ.

ಬಳಿಕ ಪವರ್ ಫ್ಯಾಕ್ಟರ್ ನೋಡಿ. ಅದು 0.75 ಇದ್ದಲ್ಲಿ ಮೋಟಾರಿನ ಬಳಿಯೇ ತಕ್ಕ ಕೆಪಾಸಿಟರ್ ಹಾಕಿ 0.95ಕ್ಕೆ ಏರಿಸಿದರೆ, ಅಷ್ಟೇ ಕೆಲಸಕ್ಕೆ ಲೈನಿನಲ್ಲಿ ಆಗುವ ನಷ್ಟ ಸುಮಾರು ಶೇ. 38ರಷ್ಟು ತಗ್ಗುತ್ತದೆ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ಕಂಡೆನ್ಸರ್ (ಕೆಪಾಸಿಟರ್) ಕಟ್ಟಿ ತ್ರೀ ಫೇಸ್ ಮೋಟಾರು ಓಡಿಸುವ ರೂಢಿ ಆ ಊರಲ್ಲಿದ್ದರೆ ಫೇಸುಗಳ ನಡುವಿನ ಅಸಮತೋಲನದಲ್ಲಿ ಅದು ಎದ್ದು ಕಾಣುತ್ತದೆ; ಅದನ್ನು ಪ್ರತ್ಯೇಕವಾಗಿ ಗುರುತಿಸಿಡಿ.

ಟೈಮರ್ ಹಾಕಿದ ಮೇಲಿನ ಅಳತೆಯನ್ನು ಹಿಂದಿನ ವರ್ಷದ ಅದೇ ತಿಂಗಳಿನ ಅಳತೆಯೊಂದಿಗೆ ಮಾತ್ರ ಹೋಲಿಸಿ, ಪಕ್ಕದಲ್ಲಿ ಆ ತಿಂಗಳ ಮಳೆಯ ಪ್ರಮಾಣವನ್ನೂ ಬರೆದಿಡಿ. ಮಳೆ ಬಂದು ಮೋಟಾರುಗಳು ನಿಂತ ದಿನಗಳನ್ನು ಲೆಕ್ಕದಿಂದ ಹೊರಗಿಟ್ಟರಷ್ಟೇ, ಕಂಡುಬಂದ ಇಳಿಕೆ ಟೈಮರಿನಿಂದಲೇ ಆದದ್ದೆಂದು ಹೇಳಲು ಸಾಧ್ಯ.