ಮೊಸರಿಗೆ ನ್ಯೂಕ್ಲಿಯಸ್ ಉಂಟಾ ಟೀಚರೇ?

ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಹಲವು ವರ್ಷ ಕೋಶದ ಪಾಠಕ್ಕೆ ನೀರುಳ್ಳಿ ಸಿಪ್ಪೆ ಒಂದನ್ನೇ ತೋರಿಸಿ ಮುಗಿಸುತ್ತಿದ್ದೆ. ಎಲ್ಲ ಕೋಶಗಳಲ್ಲೂ ಇರುವುದೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಬರೆದದ್ದು ಕೋಶಭಿತ್ತಿ, ನ್ಯೂಕ್ಲಿಯಸ್ (ಡಿಎನ್‌ಎ ಇರುವ ಕೋಶಕೇಂದ್ರ). ತಪ್ಪು ಅವರದ್ದಲ್ಲ, ನಾನು ತೋರಿಸಿದ್ದೇ ಅಷ್ಟು.

ಆಮೇಲೆ ಮೂರು ಸ್ಲೈಡ್ ಮಾಡತೊಡಗಿದೆ: ನೀರುಳ್ಳಿ, ಕೆನ್ನೆಯ ಒಳಗಿನಿಂದ ಕೆರೆದದ್ದು, ಮನೆಯ ಮೊಸರು. ಮೊದಲೆರಡು ಸುಲಭ. ಮೊಸರು ಮಾತ್ರ ಕೈಕೊಟ್ಟಿತು. ಗಟ್ಟಿ ಮೊಸರನ್ನೇ ಮೆತ್ತಿದ್ದೆ, ಕಂಡದ್ದು ಬರೀ ಕೊಬ್ಬಿನ ಗುಳ್ಳೆ. ಈಗ ಮೊಸರಿನ ನೀರನ್ನು ಗುಂಡುಸೂಜಿ ತಲೆಯಷ್ಟೇ ತೆಗೆದು ತೆಳ್ಳಗೆ ಸವರುತ್ತೇನೆ. ಒಣಗಿದ ಮೇಲೆ ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸುತ್ತೇನೆ. ತಣಿದ ಮೇಲೆ, ದೀಪ ಆರಿಸಿ, ಸ್ಪಿರಿಟ್‌ನಲ್ಲಿ ಕೊಬ್ಬು ತೊಳೆಯುತ್ತೇನೆ. ಒಂದು ನಿಮಿಷ ಮೆಥಿಲೀನ್ ಬ್ಲೂ ಎಂಬ ಬಣ್ಣ, ಮತ್ತೆ ನೀರು. 400 ಪಟ್ಟು ದೊಡ್ಡದು ಮಾಡಿದರೆ ನೀಲಿ ಕಡ್ಡಿಗಳು, ಚುಕ್ಕಿಗಳ ಸರಗಳು: ಮೊಸರಿನ ಬ್ಯಾಕ್ಟೀರಿಯಾ. ಕೆನ್ನೆಯ ಕೋಶ ನೀರುಳ್ಳಿ ಗಾತ್ರದ್ದಾದರೆ ಇವು ಸಾಸಿವೆಯಷ್ಟು.

"ಮೊಸರಿಗೆ ನ್ಯೂಕ್ಲಿಯಸ್ ಉಂಟಾ ಟೀಚರೇ?" ಒಬ್ಬಳು ಕಣ್ಣು ತೆಗೆಯದೇ ಕೇಳಿದಳು.

ಇಲ್ಲ. ಬೋರ್ಡಿನಲ್ಲಿ ಬರೆದಿದ್ದ 'ಎಲ್ಲ ಕೋಶಗಳಲ್ಲೂ' ಇರುವವುಗಳ ಪಟ್ಟಿಯಿಂದ ನ್ಯೂಕ್ಲಿಯಸ್ ಒರೆಸಿದೆವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯವೂ ಹೋಯಿತು. ಕೆನ್ನೆಯಲ್ಲಿ ಕೋಶಭಿತ್ತಿ ಇಲ್ಲ, ಅದೂ ಹೋಯಿತು. ಕಡೆಗೆ ಉಳಿದದ್ದು ನಾಲ್ಕು: ಕೋಶಪೊರೆ, ಒಳಗಿನ ಲೋಳೆಯಾದ ಸೈಟೋಪ್ಲಾಸಂ, ಡಿಎನ್‌ಎ, ಪ್ರೋಟೀನ್ ಕಟ್ಟುವ ರೈಬೋಸೋಮ್.

ಡಿಎನ್‌ಎ ತೋರಿಸುವುದು ಕಷ್ಟವಲ್ಲ. ಕದಳಿ ಹಣ್ಣು ಹಿಸುಕಿ, ಉಪ್ಪು, ಪಾತ್ರೆ ತೊಳೆಯುವ ಸೋಪು ಬೆರೆಸಿ ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಬಿಟ್ಟರೆ ಬಿಳಿ ಎಳೆ ಮೇಲೇಳುತ್ತದೆ. ಸೋಪು ಒಡೆಯುವುದು ಕೊಬ್ಬಿನಿಂದಾದ ಪೊರೆಯನ್ನು. ಹಾಗಾಗಿ ಪೊರೆಯ ಪಾಠವೂ ಅಲ್ಲೇ ಆಗುತ್ತದೆ.

ರೈಬೋಸೋಮ್ ಮಾತ್ರ ಕಾಣಿಸದು. ನಮ್ಮ ಮೈಕ್ರೋಸ್ಕೋಪ್ ಸುಮಾರು 200 ನ್ಯಾನೋಮೀಟರಿಗೇ ಸೋಲುತ್ತದೆ, ಇದು 20ರಿಂದ 30 ಅಷ್ಟೇ. ಆದರೂ ಅದರ ಕೆಲಸ ಹೇಳಲು ದಾರಿ ಸಿಕ್ಕಿತು: ಆ ವಾರ ಒಬ್ಬ ಹುಡುಗ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ತಿನ್ನುತ್ತಿದ್ದ. ಆ ಮದ್ದು ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ಕಟ್ಟುವುದನ್ನು ನಿಲ್ಲಿಸುತ್ತದೆ. ನಮ್ಮ ಕೋಶದ್ದು ಸ್ವಲ್ಪ ಬೇರೆ ಅಚ್ಚು, ಅದಕ್ಕೇ ನಾವು ಪಾರು. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ 2009ರಲ್ಲಿ ನೊಬೆಲ್ ಹಂಚಿಕೊಂಡದ್ದು ಈ ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೇ.

"ಹಾಗಾದ್ರೆ ಕೆಂಪು ರಕ್ತಕಣ?" ಅದೇ ಹುಡುಗಿ. ಸಿಕ್ಕಿಬಿದ್ದೆ. ನಮ್ಮ ಕೆಂಪು ಕಣ ಬಲಿಯುವಾಗ ನ್ಯೂಕ್ಲಿಯಸ್ ಹೊರಹಾಕುತ್ತದೆ, ರೈಬೋಸೋಮನ್ನೂ ಕಳಕೊಳ್ಳುತ್ತದೆ. ಆಮೇಲೆ ಸುಮಾರು 120 ದಿನದ ಬದುಕು. ಬೋರ್ಡಿನ 'ಎಲ್ಲ ಕೋಶಗಳಲ್ಲೂ' ಎಂಬುದರ ಪಕ್ಕ ಚಾಕಿನಲ್ಲಿ ಸಣ್ಣಗೆ ಸೇರಿಸಿದೆ: ಹುಟ್ಟುವಾಗ.