ಮಿಂಚುವಿನ ಬಟ್ಟಲು, ಶೇರಾನ ಬಟ್ಟಲು: ಹಸಿ ಮಾಂಸದ ಊಟ ನನಗೆ ಕಲಿಸಿದ್ದು

ನಮ್ಮನೆ ಮುಧೋಳ ಹೆಣ್ಣು ನಾಯಿ ಮಿಂಚುಗೆ ಎರಡು ವರ್ಷ ತುಂಬುವ ಹೊತ್ತಿಗೆ ಕೆರೆತ ಶುರುವಾಯಿತು. ಮೊದಲು ಕಿವಿ, ಆಮೇಲೆ ಕಾಲ್ಬೆರಳ ಸಂದಿ, ಆಮೇಲೆ ಹೊಟ್ಟೆಯ ಕೆಳಭಾಗ. ರಾತ್ರಿಯೆಲ್ಲ ಪಡಸಾಲೆಯಲ್ಲಿ ಪಾದ ನೆಕ್ಕುತ್ತಿದ್ದಳು. ಆ ಸಪ್ಪಳಕ್ಕೆ ನಮಗೂ ನಿದ್ದೆ ಇರಲಿಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಹೊಟ್ಟೆಯೂ ಕೆಡುತ್ತಿತ್ತು. ಉಣ್ಣಿ ಔಷಧಿ ಆಯಿತು, ಶಾಂಪೂ ಆಯಿತು. ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ಗುಳಿಗೆ ಕೊಟ್ಟಾಗ ಆರಾಮ ಅನಿಸುತ್ತಿತ್ತು. ನಿಲ್ಲಿಸಿದ ವಾರಕ್ಕೆ ಮತ್ತೆ ಅದೇ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಮಿಂಚು ಬಂದದ್ದು ಲೋಕಾಪುರ ಕಡೆಯ ಒಂದು ಹಳ್ಳಿಯಿಂದ. ಅಲ್ಲಿ ಹಾಕುತ್ತಿದ್ದ ಊಟವನ್ನೇ ನಾವೂ ಮುಂದುವರಿಸಿದ್ದೆವು. ಗೋವಿನಜೋಳದ ನುಚ್ಚು ಇಲ್ಲವೇ ಜೋಳದ ರೊಟ್ಟಿ, ಮೇಲೆ ಹಾಲು, ಭಾನುವಾರ ಸ್ವಲ್ಪ ಕೋಳಿ. ನಮ್ಮ ಕಡೆ ಈ ನಾಯಿಗಳು ತಲೆತಲಾಂತರದಿಂದ ಇದನ್ನೇ ತಿಂದು ಹೊಲದಲ್ಲಿ ಓಡಿವೆ. ಹಾಗಾಗಿ ಊಟದ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಹಸಿ ಮಾಂಸ ಹಾಕು, ಎಲ್ಲ ಹೋಗುತ್ತದೆ ಅಂತ ನಾಯಿ ಸಾಕುವ ಗೆಳೆಯನೊಬ್ಬ ಹೇಳಿದ. ನಮ್ಮ ಡಾಕ್ಟ್ರನ್ನು ಕೇಳಿದೆ. ಅವರು ನೇರವಾಗಿಯೇ ಹೇಳಿದರು: "ಹಸೀದು ಬ್ಯಾಡ ಅಂತನ ನಾ ಹೇಳೋದ್ರಿ. ಮಾಡೇ ಮಾಡ್ತೀನಿ ಅಂದ್ರ ಮೊದ್ಲ ಗುಳಿಗೆ ನಿಲ್ಲಲಿ. ಆಮ್ಯಾಲ ಒಂದ ಪ್ರಾಣೀದ ಖಂಡ, ಎಂಟ ವಾರ, ಮತ್ತೇನೂ ಬಾಯಿಗೆ ಬೀಳಬಾರದು." ಸ್ಟೆರಾಯ್ಡ್ ಗುಳಿಗೆ ನುಂಗುವ ನಾಯಿಗೆ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ ಥರದ ಬ್ಯಾಕ್ಟೀರಿಯಾ ಇರಬಹುದು. ಗಟ್ಟಿ ನಾಯಿ ತಡೆದುಕೊಂಡೀತು, ಇವಳಿಗೆ ಆಗ ಕಷ್ಟ. ಅದಕ್ಕೇ ಗುಳಿಗೆ ನಿಧಾನವಾಗಿ ಇಳಿಸಿ, ನಿಲ್ಲಿಸಿ, ಹದಿನೈದು ದಿನ ಕಾದು ಶುರು ಮಾಡಿದೆ.

ಮಿಂಚು ಅಲ್ಲಿಯವರೆಗೆ ಆಡಿನ ಮಾಂಸ ತಿಂದಿರಲಿಲ್ಲ. ದುಬಾರಿ ಅಂತ ನಾವು ಹಾಕಿರಲಿಲ್ಲ, ಅಷ್ಟೆ. ಅದೇ ಈಗ ಉಪಯೋಗಕ್ಕೆ ಬಂತು. ಕೆರೆತಕ್ಕೆ ಊಟದ ಅಲರ್ಜಿ ಕಾರಣವೇ ಅಂತ ನೋಡುವುದಿತ್ತು. ಮೈ ಒಂದು ಆಹಾರಕ್ಕೆ ಅಲರ್ಜಿ ಬೆಳೆಸಿಕೊಳ್ಳಬೇಕಾದರೆ ಮೊದಲು ಅದರ ಪರಿಚಯ ಆಗಿರಬೇಕಲ್ವಾ. ಹಿಂದೆಂದೂ ತಿನ್ನದ ಮಾಂಸವನ್ನೇ ಆರಿಸಿಕೊಳ್ಳುವುದು ಅದಕ್ಕೇ. ಅವಳ ತೂಕ 22 ಕಿಲೋ. ದೇಹದ ತೂಕದ ಶೇಕಡಾ ಎರಡೂವರೆಯಂತೆ ದಿನಕ್ಕೆ 550 ಗ್ರಾಂ ಮಾಂಸ, ಎರಡು ಹೊತ್ತಿಗೆ. ಅದರಲ್ಲಿ ಸುಮಾರು 25 ಗ್ರಾಂ ಕಲೀಜ. ಜೊತೆಗೆ ಬೇಯಿಸಿದ ಗೆಣಸು, ಸ್ವಲ್ಪ ಕುಂಬಳಕಾಯಿ. ಮೂರು ವಾರಕ್ಕೆ ಪಕ್ಕೆಲುಬು ಎದ್ದು ಕಾಣತೊಡಗಿದವು. ಮುಧೋಳ ನಾಯಿಯ ಮೈಯಲ್ಲಿ ಮೊದಲೇ ಕೊಬ್ಬು ಕಡಿಮೆ, ಲೆಕ್ಕದ ಊಟ ಅದಕ್ಕೆ ಸಾಲಲಿಲ್ಲ. 650 ಗ್ರಾಂಗೆ ಏರಿಸಿ, ಗೆಣಸನ್ನೂ ಜಾಸ್ತಿ ಮಾಡಿದೆ. ಪ್ರತಿ ಭಾನುವಾರ ಅವಳನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲುವ ರೂಢಿ ಆವತ್ತಿನಿಂದ ಬಂದದ್ದು.

ಎಲುಬಿನ ವಿಷಯದಲ್ಲಿ ನಾನು ತಪ್ಪಿದೆ. ಬೇಯಿಸಿದ ಎಲುಬು ಚೂಪಾಗಿ ಸಿಗಿಯುತ್ತದೆ, ಹಸಿ ಎಲುಬು ಏನೂ ಮಾಡುವುದಿಲ್ಲ ಅಂತ ನಂಬಿದ್ದೆ. ಮೊದಲ ವಾರದಲ್ಲೇ ಪಕ್ಕೆಲುಬಿನ ತುಂಡು ಜಾಸ್ತಿ ಹಾಕಿದೆ. ಎರಡು ದಿನ ಅವಳಿಗೆ ಮಲವೇ ಆಗಲಿಲ್ಲ. ಮೂರನೇ ದಿನ ಮುಕ್ಕಿ ಮುಕ್ಕಿ ಸುಣ್ಣದಂಥ ಬಿಳಿ ಉಂಡೆ ಹಾಕಿದಳು. ಹಿತ್ತಲಲ್ಲಿ ಅವಳು ಬಾಗಿ ನಿಂತು ನನ್ನನ್ನೇ ನೋಡಿದ್ದು ಇನ್ನೂ ಮರೆತಿಲ್ಲ. ಅಂದೇ ಎಲುಬು ಬಿಟ್ಟೆ.

ಬಿಟ್ಟ ಮೇಲೆ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರಬೇಕು. ಬರೀ ಖಂಡದಲ್ಲಿ ರಂಜಕ ತುಂಬ ಇರುತ್ತದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾಯಿಯ ಊಟದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು. ಇಲ್ಲದಿದ್ದರೆ ಮೈ ತನ್ನ ಎಲುಬಿನಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಬರೀ ಖಂಡ ತಿಂದ ಮರಿಗಳ ಕಾಲು ಸೊಟ್ಟಗಾಗುವುದು ಇದರಿಂದಲೇ. ತತ್ತಿ ಸಿಪ್ಪೆಯ ಪುಡಿ ಒಳ್ಳೆಯದು, ಒಂದು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಸಿಪ್ಪೆಗೆ ಅಂಟಿದ ಪೊರೆಯಲ್ಲಿ ತತ್ತಿಯ ಪ್ರೋಟೀನ್ ಉಳಿಯುತ್ತದೆ. ಹೀಗಾಗಿ ಆ ಎಂಟು ವಾರ ಯಾವ ರುಚಿಯೂ ಸೇರಿಸದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ದಿನಕ್ಕೆ ಮೂರು ಗ್ರಾಂನಷ್ಟು ಬೆರೆಸಿದೆ. ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಮನೆಯ ಊಟದಲ್ಲಿ ಸುಲಭವಾಗಿ ಕೊರತೆಯಾಗುತ್ತವೆ. ಅವನ್ನು ಡಾಕ್ಟ್ರು ಅಳತೆ ಬರೆದುಕೊಟ್ಟರು.

ಇನ್ನು ಮಟನ್ ಅಂಗಡಿಯ ಮಾತು. ಒಂದು ಬೆಳಿಗ್ಗೆ ಅಂಗಡಿಯವರು ಕಲೀಜ ಕೊಯ್ಯುವಾಗ ಅದರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ, ನೀರು ತುಂಬಿದ ಬಿಳಿ ಗುಳ್ಳೆ ಇತ್ತು. ಆ ಭಾಗ ಕತ್ತರಿಸಿ ರಸ್ತೆಯ ನಾಯಿಗೆ ಎಸೆದರು. ಅದು ಒಂದೇ ಗುಟುಕಿಗೆ ನುಂಗಿತು. ಡಾಕ್ಟ್ರಿಗೆ ಹೇಳಿದಾಗ ಅದು ಹೈಡ್ಯಾಟಿಡ್ ಗುಳ್ಳೆ ಇರಬೇಕು ಅಂದರು. ಕುರಿ, ಆಡಿನ ಕಲೀಜ, ಪುಪ್ಪುಸದಲ್ಲಿ ಬೆಳೆಯುವ ಲಾಡಿಹುಳದ ಮರಿಗಳವು. ನಾಯಿ ಹಸಿಯಾಗಿ ತಿಂದರೆ ಹುಳ ಅದರ ಕರುಳಿನಲ್ಲಿ ಬೆಳೆದು, ಮಲದಲ್ಲಿ ಮೊಟ್ಟೆ ಬೀಳುತ್ತವೆ. ಆ ಮೊಟ್ಟೆ ಕೈಗೆ ಅಂಟಿ ಬಾಯಿಗೆ ಹೋದರೆ ಮನುಷ್ಯನ ಕಲೀಜದಲ್ಲೂ ಅದೇ ಗುಳ್ಳೆ. ನಾಯಿಗೆ ಏನೂ ಆದಂತೆ ಕಾಣುವುದೇ ಇಲ್ಲ. ಮನೆಯಲ್ಲಿ ಮಿಂಚುವಿನ ಕೊರಳು ತಬ್ಬಿ ಮಲಗುವ ನಾಲ್ಕು ವರ್ಷದ ಮಗಳಿದ್ದಾಳೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ, ಹತ್ತು ದಿನ ಇಟ್ಟರೆ ಆ ಗುಳ್ಳೆಯ ಮರಿಹುಳಗಳು ಸಾಯುತ್ತವೆ. ಬ್ಯಾಕ್ಟೀರಿಯಾ ಮಾತ್ರ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ. 40 ಡಿಗ್ರಿ ಸೆಕೆ, ಮಧ್ಯಾಹ್ನ ಕರೆಂಟು ಹೋದರೆ ಫ್ರೀಜರಿನ ಐಸು ಕರಗಿ ನೀರಾಗುತ್ತದೆ. ಅಂಥ ಫ್ರೀಜರ್ ನಂಬಿ ಮಗಳನ್ನು ಹೇಗೆ ಬಿಡಲಿ? ಮರುದಿನದಿಂದ ಕಲೀಜ ಚೆನ್ನಾಗಿ ಬೇಯಿಸಿಯೇ ಹಾಕಿದೆ. ಪುಪ್ಪುಸ, ಬೋಟಿ ತರುವುದನ್ನೇ ಬಿಟ್ಟೆ. ಪ್ರಾಜಿಕ್ವಾಂಟೆಲ್ ಇರುವ ಹುಳದ ಗುಳಿಗೆಯನ್ನು ಡಾಕ್ಟ್ರು ಹೇಳಿದಂತೆ ಆರು ವಾರಕ್ಕೊಮ್ಮೆ ಕೊಟ್ಟೆವು. ನಾಯಿಯ ಚಾಕು, ಹಲಗೆ ಬೇರೆ. ಸ್ಟೀಲ್ ಬಟ್ಟಲು ಉಂಡ ಕೂಡಲೇ ಬಿಸಿನೀರಿಗೆ. ಮಲ ಕಂಡ ಕೂಡಲೇ ಎತ್ತುವುದು.

ಅವ್ವನಿಗೆ ಮಾತ್ರ ಬಹಳ ಕಷ್ಟವಾಯಿತು. ಬೆಳಗಿನ ಚಹಾದಲ್ಲಿ ಬಿಸ್ಕೀಟು ಅದ್ದಿ ಮಿಂಚುಗೆ ಕೊಡುವುದು ಅವಳ ದಿನದ ಕೆಲಸ. "ಎಂಟ ವಾರ ತಡಿಯವ್ವಾ" ಅಂದರೆ, "ಪಾಪ ಅದರ ಮಾರಿ ನೋಡೋ" ಅನ್ನುತ್ತಿದ್ದಳು. ಆದರೂ ತಡೆದಳು. ಬಿಸ್ಕೀಟಿನಲ್ಲಿ ಹಾಲು, ಗೋಧಿ ಎರಡೂ ಇರುತ್ತವೆ. ಒಂದು ತುಂಡು ಬಿದ್ದಿದ್ದರೂ ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಐದನೇ ವಾರಕ್ಕೆ ಹೊಟ್ಟೆ ಸರಿಹೋಯಿತು. ಏಳನೇ ವಾರ ರಾತ್ರಿ ನೆಕ್ಕುವ ಸಪ್ಪಳ ನಿಂತಿತು. ಹಸಿ ಮಾಂಸ ಗೆದ್ದಿತು ಅಂತ ನಾನು ಕುಣಿದಾಡಿದೆ. ಡಾಕ್ಟ್ರು ತಡೆದರು. ಈಗಲೇ ಏನೂ ಗೊತ್ತಾಗಿಲ್ಲ, ಒಂದೊಂದನ್ನೇ ವಾಪಸ್ ಹಾಕಿ ನೋಡ್ರಿ, ಒಂದೊಂದಕ್ಕೂ ಎರಡು ವಾರ ಕೊಡ್ರಿ ಅಂದರು. ಜೋಳದ ರೊಟ್ಟಿ ಹಾಕಿದೆವು, ಏನೂ ಆಗಲಿಲ್ಲ. ಹಾಲು ಹಾಕಿದ ಮೂರನೇ ದಿನ ಕಿವಿ ಕೆಂಪಾಗಿ ಬಿಸಿಯಾಯಿತು. ನಿಲ್ಲಿಸಿ, ಮೈ ಆರಾಮಾದ ಮೇಲೆ ಬೇಯಿಸಿದ ಕೋಳಿ ಹಾಕಿದೆವು. ಒಂದು ವಾರದೊಳಗೆ ಕಾಲ್ಬೆರಳ ಸಂದಿ ಮತ್ತೆ ಕೆಂಪು.

ಕೊನೆಗೆ ಅದೇ ಆಡಿನ ಮಾಂಸವನ್ನು ಬೇಯಿಸಿ ಹಾಕಿದೆ. ನಾಲ್ಕು ವಾರ ಕಾದೆ. ಕೆರೆತ ಬರಲಿಲ್ಲ. ಹೊಟ್ಟೆಯೂ ಕೆಡಲಿಲ್ಲ. ಅಂದರೆ ಅವಳನ್ನು ಉಳಿಸಿದ್ದು ಹಸಿ ಅನ್ನುವುದಲ್ಲ, ಹಾಲು ಮತ್ತು ಕೋಳಿ ಬಟ್ಟಲಿನಿಂದ ಹೋದದ್ದು. ಇದು ತಿಳಿದ ಮೇಲೆ ಹಸಿಯಾಗಿ ಹಾಕಲು ನನಗೆ ಕಾರಣವೇ ಉಳಿಯಲಿಲ್ಲ. ಅಪಾಯವನ್ನು ಸುಮ್ನೆ ಮನೆಯೊಳಗೆ ಯಾಕೆ ಇಟ್ಟುಕೊಳ್ಳಬೇಕು?

ಶೇರಾನ ಮಾತು ಹೇಳದೆ ಇದು ಪೂರ್ತಿಯಾಗುವುದಿಲ್ಲ. ಅವನು ನಮ್ಮ ಹಳೆಯ ನಾಯಿ, ಆಗ 11 ವರ್ಷ. ಮಿಂಚು ಚೇತರಿಸಿಕೊಂಡ ಹುಮ್ಮಸ್ಸಿನಲ್ಲಿ ಅವನ ಬಟ್ಟಲಿಗೂ ಅದೇ ಖಂಡ ಹಾಕಿದ್ದೆ. ತಿಂಗಳೊಳಗೆ ಊಟ ಬಿಟ್ಟ, ವಾಂತಿ ಮಾಡಿದ, ನೀರು ಮಾತ್ರ ಬಕೆಟ್ಟುಗಟ್ಟಲೆ ಕುಡಿದ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2.6ಕ್ಕೆ ಏರಿತ್ತು, ರಂಜಕವೂ ಏರಿತ್ತು. ಮೂತ್ರಪಿಂಡ ಮೊದಲೇ ಸೋಲುತ್ತಿತ್ತು, ನಾನು ಅದರ ಮೇಲೆ ಭಾರ ಹೇರಿದ್ದೆ. ರಕ್ತ ಪರೀಕ್ಷೆ ಮೊದಲು ಮಾಡಿಸಬೇಕಿತ್ತು. ಮಿಂಚುಗೆ ಮಾಡಿಸಿದವನು ಅವನಿಗೆ ಮಾಡಿಸಲಿಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಅವನ ಊಟ ಪೂರಾ ಬದಲಾಯಿತು. ಮೆತ್ತಗೆ ಬೇಯಿಸಿದ ಅನ್ನ, ರಂಜಕ ಕಡಿಮೆ ಇರುವ ತತ್ತಿಯ ಬಿಳಿಭಾಗ, ಲೆಕ್ಕ ಹಾಕಿದ ಚೂರೇ ಚೂರು ಖಂಡ, ಮೇಲೊಂದು ಚಮಚ ಎಣ್ಣೆ. ಹದಿನೈದು ದಿನಕ್ಕೆ ಬಾಲ ಆಡಿಸುತ್ತ ಬಟ್ಟಲ ಹತ್ತಿರ ಬಂದ.

ಈಗ ಬೆಳಿಗ್ಗೆ ಒಲೆಯ ಮೇಲೆ ಎರಡು ಪಾತ್ರೆ. ಒಂದರಲ್ಲಿ ಆಡಿನ ಖಂಡ, ಗೆಣಸು. ಇನ್ನೊಂದರಲ್ಲಿ ಶೇರಾನ ಅನ್ನ. ಎರಡರಲ್ಲೂ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೀಳುವುದಿಲ್ಲ. ವಿಜಯಪುರದ ಬೀಗರು ತರುವ ಒಣದ್ರಾಕ್ಷಿ ಡಬ್ಬಿ ಮೇಲಿನ ಕಪಾಟಿನಲ್ಲಿರುತ್ತದೆ, ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಹಾಳು ಮಾಡುತ್ತದೆ. ಅವ್ವ ಚಹಾ ಜೊತೆ ಜೋಳದ ರೊಟ್ಟಿಯ ಚೂರು ಇಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ. ಬಿಸ್ಕೀಟಿನ ಬದಲು ಈಗ ಮಿಂಚುಗೆ ಅದೇ.